ಡೆಟ್ರಾಯಿಟ್‌ನಲ್ಲಿ ‘ಫಾರಿನ್’ ಕಾರು: ಯಾವುದು ಸ್ವದೇಶಿ, ಯಾವುದು ವಿದೇಶಿ?

ನಾವು ಕರ್ನಾಟಕದಲ್ಲಿ ಬೆಳೆಯುತ್ತಿದ್ದ ಕಾಲಕ್ಕೆ ‘ಫಾರಿನ್’ ಎಂಬ ಶಬ್ದಕ್ಕೆ ಇದ್ದದ್ದು ಒಂದೇ ಅರ್ಥ: ನಮ್ಮಲ್ಲಿ ಸಿಗದ, ನಮ್ಮದಕ್ಕಿಂತ ಉತ್ತಮವಾದ ವಸ್ತು. ಫಾರಿನ್ ವಾಚು, ಫಾರಿನ್ ಸೆಂಟು, ದುಬೈಯಿಂದ ಬಂದವರು ತಂದ ಫಾರಿನ್ ಟೇಪ್‌ರೆಕಾರ್ಡರು. ಕಾರಿನ ವಿಷಯದಲ್ಲಂತೂ ಹೇಳುವುದೇ ಬೇಡ. ಅಂಬಾಸಿಡರ್, ಫಿಯೆಟ್‌ಗಳಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಸಮಾಜಕ್ಕೆ 1983ರ ಕೊನೆಯಲ್ಲಿ ಮಾರುತಿ 800 ಬಂದಾಗ, ಅದರ ತಂತ್ರಜ್ಞಾನ ಜಪಾನಿನ ಸುಜುಕಿಯದೆಂಬುದು ಯಾರಿಗೂ ಕುಂದಾಗಿ ಕಾಣಲಿಲ್ಲ. ಅದೇ ಅದರ ಹೆಗ್ಗಳಿಕೆಯಾಯಿತು.

ಅದೇ ಶಬ್ದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಪ್ರದೇಶದಲ್ಲಿ ಬೇರೆಯೇ ಬಣ್ಣ. ಇಲ್ಲಿಯ ಹಿರಿಯ ಕಾರ್ಮಿಕರ ಬಾಯಲ್ಲಿ ‘ಫಾರಿನ್ ಕಾರು’ ಎಂದರೆ ಮುಚ್ಚಿದ ಕಾರ್ಖಾನೆ, ಕೈತಪ್ಪಿದ ಕೆಲಸ, ಬಿಕೋ ಎನ್ನುವ ಬೀದಿ. ಕಾರ್ಮಿಕ ಸಂಘದ ಕಚೇರಿಯ ಅಂಗಳದಲ್ಲಿ ವಿದೇಶಿ ಕಾರುಗಳನ್ನು ನಿಲ್ಲಿಸಬಾರದೆಂದು ಫಲಕ ಹಾಕಿದ ಊರು ಇದು. ಬೆಂಗಳೂರಿನಿಂದ ಬಂದು ಇಂಥ ಊರಿನಲ್ಲಿ ಮೊದಲ ಕಾರು ಕೊಳ್ಳಲು ಹೊರಟವನು ಒಂದು ಹಳೆಯ ಜಗಳದ ನಡುವೆ ಕಾಲಿಡುತ್ತಾನೆ.

ನಾನು ವೈದ್ಯ, ವಾಹನ ತಜ್ಞನಲ್ಲ. ಆದರೆ ಈ ಪ್ರದೇಶದಲ್ಲಿ ವೈದ್ಯನಾಗಿರುವವನಿಗೆ ಕಾರಿನ ಮಾತು ತಪ್ಪಿದ್ದಲ್ಲ. ರೋಗಿಗಳಲ್ಲಿ ಅನೇಕರು ಕಾರು ಕಾರ್ಖಾನೆಗಳ ನಿವೃತ್ತರು, ಸ್ನೇಹಿತರಲ್ಲಿ ಅನೇಕರು ಕಾರು ಕಂಪನಿಗಳ ಎಂಜಿನಿಯರುಗಳು. ಅತ್ತ ಊರಿನಿಂದ ಭಾವನವರು ಫೋನಿನಲ್ಲಿ ಕೇಳುತ್ತಾರೆ: “ಅಲ್ಲ ಭಾವ, ಅಮೆರಿಕದಲ್ಲಿ ಇದ್ದುಕೊಂಡು ಜಪಾನ್ ಕಾರು ಯಾಕೆ ಓಡಿಸ್ತೀರಿ? ಫೋರ್ಡ್ ನಿಮ್ಮ ಪಕ್ಕದ ಊರಿನದೇ ಅಲ್ವಾ?” ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸುವುದು ಕಷ್ಟ. ಅದಕ್ಕೇ ಈ ಲೇಖನ.

ಸಿಟ್ಟಿನ ಹಿಂದಿನ ಚರಿತ್ರೆ

ಫೋರ್ಡ್ ಕಂಪನಿ ಹುಟ್ಟಿದ್ದು 1903ರಲ್ಲಿ. 1908ರಲ್ಲಿ ಅದರ ಮಾಡೆಲ್ ಟಿ ಬಂತು. ಅದೇ ವರ್ಷ ಇಲ್ಲಿಗೆ ಸಮೀಪದ ಫ್ಲಿಂಟ್ ನಗರದಲ್ಲಿ ಜನರಲ್ ಮೋಟರ್ಸ್ ಸ್ಥಾಪನೆಯಾಯಿತು. 1913ರಲ್ಲಿ ಡೆಟ್ರಾಯಿಟ್‌ಗೆ ಹೊಂದಿಕೊಂಡ ಹೈಲ್ಯಾಂಡ್ ಪಾರ್ಕ್‌ನಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದರು. ಮರುವರ್ಷ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದರು. 1925ರಲ್ಲಿ ಕ್ರೈಸ್ಲರ್ ಸೇರಿಕೊಂಡಿತು. ಇವೇ ಡೆಟ್ರಾಯಿಟ್‌ನ ‘ಬಿಗ್ ತ್ರೀ’. ಕಾರ್ಖಾನೆಯಲ್ಲಿ ದುಡಿಯುವವನು ಸ್ವಂತ ಮನೆ ಕಟ್ಟಿಸಿ, ಮಕ್ಕಳನ್ನು ಓದಿಸಿ, ಪಿಂಚಣಿ ಪಡೆದು ನೆಮ್ಮದಿಯಾಗಿ ನಿವೃತ್ತನಾಗುವುದನ್ನು ಸಾಧ್ಯವಾಗಿಸಿದ್ದು ಈ ಮೂರು ಕಂಪನಿಗಳು ಮತ್ತು ಅವುಗಳೊಡನೆ ಹೋರಾಡಿದ ಕಾರ್ಮಿಕ ಸಂಘ.

1973ರ ತೈಲ ಬಿಕ್ಕಟ್ಟು ಈ ವ್ಯವಸ್ಥೆಯನ್ನು ಅಲುಗಿಸಿತು. ಪೆಟ್ರೋಲು ದುಬಾರಿಯಾದೊಡನೆ ದೊಡ್ಡ ಹೊಟ್ಟೆಯ ಅಮೆರಿಕನ್ ಕಾರುಗಳನ್ನು ಬಿಟ್ಟು ಜನ ಜಪಾನಿನ ಚಿಕ್ಕ ಕಾರುಗಳ ಕಡೆ ತಿರುಗಿದರು. ಆಗಿನ ಜಪಾನಿ ಕಾರುಗಳಿಗೂ ದೋಷಗಳಿದ್ದವು. ಮಿಷಿಗನ್‌ನ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ನೆಲದಡಿಯಲ್ಲೇ ಒಂದು ದೊಡ್ಡ ಉಪ್ಪಿನ ಗಣಿಯಿದೆ. ಆ ಉಪ್ಪಿಗೆ ಎಪ್ಪತ್ತರ ದಶಕದ ಜಪಾನಿ ಕಾರುಗಳ ತೆಳು ತಗಡು ತುಕ್ಕು ಹಿಡಿದು ತೂತಾಗುತ್ತಿತ್ತು. ಆದರೂ ಎಂಜಿನ್ ಕೈಕೊಡುತ್ತಿರಲಿಲ್ಲ ಎಂದು ಅವನ್ನು ಓಡಿಸಿದವರು ಈಗಲೂ ಹೇಳುತ್ತಾರೆ.

1981ರಲ್ಲಿ ಅಮೆರಿಕದ ಒತ್ತಾಯಕ್ಕೆ ಮಣಿದು ಜಪಾನ್ ತನ್ನ ಕಾರು ರಫ್ತನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಿಗೊಳಿಸಿಕೊಂಡಿತು. ಮರುವರ್ಷ ಹೈಲ್ಯಾಂಡ್ ಪಾರ್ಕ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ 27 ವರ್ಷದ ಯುವಕನನ್ನು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಲ್ಲಲಾಯಿತು. ಹೊಡೆದವನು ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ. ಜೊತೆಗಿದ್ದ ಅವನ ಮಲಮಗ ಕೆಲಸ ಕಳೆದುಕೊಂಡಿದ್ದ ಕಾರು ಕಾರ್ಮಿಕ. ಚಿನ್ ಜಪಾನಿನವನಲ್ಲ, ಚೀನೀ ಮೂಲದವನು. ‘ನಿಮ್ಮಿಂದಲೇ ನಮ್ಮ ಕೆಲಸ ಹೋಯಿತು’ ಎಂಬರ್ಥದ ಮಾತು ಆ ಜಗಳದಲ್ಲಿ ಕೇಳಿಬಂತೆಂದು ಸಾಕ್ಷ್ಯ ನುಡಿಯಲಾಯಿತು. ರಾಜ್ಯದ ನ್ಯಾಯಾಲಯ ವಿಧಿಸಿದ್ದು ಸೆರೆವಾಸವನ್ನಲ್ಲ, ಪರೀಕ್ಷಾವಧಿ ಮತ್ತು ತಲಾ 3,000 ಡಾಲರ್ ದಂಡವನ್ನು. ಏಷ್ಯಾದಿಂದ ಬಂದು ಈ ಪ್ರದೇಶದಲ್ಲಿ ನೆಲೆಸಿರುವ ಯಾರೂ ತಿಳಿದಿರಬೇಕಾದ ಪ್ರಕರಣವಿದು. ಕಾರಿನ ಮೇಲಿನ ಸಿಟ್ಟು ಮುಖದ ಮೇಲಿನ ಸಿಟ್ಟಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇಂದಿನ ಡೆಟ್ರಾಯಿಟ್ ಆ ಡೆಟ್ರಾಯಿಟ್ ಅಲ್ಲ. ಟೊಯೋಟಾ, ನಿಸ್ಸಾನ್, ಹ್ಯುಂಡೈ ಕಂಪನಿಗಳ ದೊಡ್ಡ ತಾಂತ್ರಿಕ ಕೇಂದ್ರಗಳು ಇದೇ ಮಿಷಿಗನ್‌ನಲ್ಲಿವೆ. ಇಲ್ಲಿಯ ಪಂಪ ಕನ್ನಡ ಕೂಟದ ಸಮಾರಂಭಕ್ಕೆ ಹೋದರೆ ಒಂದೇ ಪಂಕ್ತಿಯಲ್ಲಿ ಫೋರ್ಡ್‌ನವರೂ ಟೊಯೋಟಾದವರೂ ಕುಳಿತು ಬಿಸಿಬೇಳೆ ಭಾತ್ ಉಣ್ಣುತ್ತಾರೆ. ಆದರೆ ಅಭಿಪ್ರಾಯಗಳು ಕಂಪನಿಗಳಷ್ಟು ಬೇಗ ಬದಲಾಗುವುದಿಲ್ಲ.

ಅಭಿಮಾನಿಗಳು ಹೇಳುವುದೇನು?

ಪ್ರತಿ ಆಗಸ್ಟ್‌ನಲ್ಲಿ ಇಲ್ಲಿಯ ವುಡ್‌ವರ್ಡ್ ಅವೆನ್ಯೂ ಎಂಬ ಹೆದ್ದಾರಿಯಲ್ಲಿ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. 1995ರಲ್ಲಿ ಆರಂಭವಾದ ಈ ‘ಡ್ರೀಮ್ ಕ್ರೂಸ್’ ನೋಡಲು ಜನ ರಸ್ತೆಯ ಎರಡೂ ಬದಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಮ್ಮಲ್ಲಿ ತೇರು ನೋಡಲು ಕಾಯುವ ಹಾಗೆ. ಕಾರುಗಳ ಕುರಿತು ಮಾತು ಕೇಳಬೇಕೆಂದರೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಅಲ್ಲಿಯೂ ಆಸ್ಪತ್ರೆಯಲ್ಲಿಯೂ ನಾನು ಕೇಳಿರುವ ಮಾತುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯವರಿಗೆ ಕಾರೆಂದರೆ ಅನ್ನದ ಋಣ. ಮೂವತ್ತನಾಲ್ಕು ವರ್ಷ ಅಚ್ಚು ತಯಾರಿಸುವ ಕೆಲಸ ಮಾಡಿ ನಿವೃತ್ತರಾದ ನನ್ನ ರೋಗಿಯೊಬ್ಬರು ಒಮ್ಮೆ ಹೀಗೆಂದರು: “ಡಾಕ್ಟರ್, ನಿಮ್ಮ ಫೀಸು ಕೊಡುತ್ತಿರುವುದು ನನ್ನ ಕಂಪನಿಯ ವಿಮೆ. ಅದು ಕಾರು ಮಾರಿದರೆ ತಾನೇ ವಿಮೆ?” ಈ ತರ್ಕವನ್ನು ತಳ್ಳಿಹಾಕಲು ನನ್ನಿಂದಾಗುವುದಿಲ್ಲ. 65 ದಾಟಿದ, ಕಾರ್ಮಿಕ ಸಂಘಕ್ಕೆ ಸೇರದ ತನ್ನ ನಿವೃತ್ತ ನೌಕರರ ಆರೋಗ್ಯ ಸೌಲಭ್ಯವನ್ನು 2009ರ ಆರಂಭದಿಂದ ನಿಲ್ಲಿಸುವುದಾಗಿ ಜನರಲ್ ಮೋಟರ್ಸ್ 2008ರಲ್ಲಿ ಪ್ರಕಟಿಸಿತು. ಮರುವರ್ಷ ಕ್ರೈಸ್ಲರ್, ಅದರ ಹಿಂದೆಯೇ ಜನರಲ್ ಮೋಟರ್ಸ್, ಎರಡೂ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕವು. ಕಾರು ಮಾರಾಟದ ಅಂಕಿಅಂಶಗಳು ಔಷಧಿಯ ಚೀಟಿಗೆ ಬಂದು ತಾಗುವ ಊರಿದು. ಆ ದಿನಗಳಲ್ಲಿ ‘ಇದರಲ್ಲಿ ಯಾವ ಮಾತ್ರೆ ಬಿಟ್ಟರೆ ನಡೆಯುತ್ತದೆ?’ ಎಂಬ ಪ್ರಶ್ನೆಯನ್ನು ಇಲ್ಲಿಯ ವೈದ್ಯರೆಲ್ಲ ಎದುರಿಸಿದ್ದಾರೆ.

ಎರಡನೆಯವರಿಗೆ ಕಾರೆಂದರೆ ಲೆಕ್ಕಾಚಾರ. ‘ಎರಡು ಲಕ್ಷ ಮೈಲಿ ಓಡಿಸಿದೆ, ಎಣ್ಣೆ, ಟೈರು, ಬ್ರೇಕು ಬಿಟ್ಟು ಬೇರೇನೂ ಹಾಕಿಸಲಿಲ್ಲ’ ಎಂಬುದು ಇವರ ಮಂತ್ರ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ ವಿಶ್ವಾಸಾರ್ಹತೆಯ ಪಟ್ಟಿಗಳಲ್ಲಿ ಟೊಯೋಟಾ, ಲೆಕ್ಸಸ್‌ಗಳು ಬಹುಕಾಲದಿಂದ ಮೇಲ್ಸ್ಥಾನದಲ್ಲಿರುವುದು ಇವರಿಗೆ ಸಾಕ್ಷಿ. ಅಮೆರಿಕದ ರಸ್ತೆಗಳಲ್ಲಿರುವ ವಾಹನಗಳ ಸರಾಸರಿ ವಯಸ್ಸು 12 ವರ್ಷ ದಾಟಿರುವಾಗ ಬಾಳಿಕೆಗೆ ಬೆಲೆ ಕಟ್ಟುವುದು ಸಹಜ. ನಮ್ಮ ಕನ್ನಡಿಗರಲ್ಲಿ ಬಹುಪಾಲು ಈ ಪಂಗಡಕ್ಕೆ ಸೇರಿದವರು.

ಮೂರನೆಯವರು ನಿಜವಾದ ರಸಿಕರು. ಅವರಿಗೆ ಬಾಳಿಕೆಗಿಂತ ಮಸ್ಟಾಂಗ್‌ನ ಎಂಜಿನ್ ಸದ್ದು ಮುಖ್ಯ, ಜರ್ಮನ್ ಕಾರಿನ ಸ್ಟಿಯರಿಂಗಿನ ಬಿಗಿ ಮುಖ್ಯ. ‘ಟೊಯೋಟಾ ಒಂದು ಫ್ರಿಜ್ಜಿನ ಹಾಗೆ, ಕೆಡುವುದಿಲ್ಲ, ಆದರೆ ಅದನ್ನು ಪ್ರೀತಿಸುವವರುಂಟೇ?’ ಎಂದು ಕೇಳುವವರು ಇವರು.

ಮೂರೂ ಪಂಗಡದವರು ಮರೆಯುವ ಸಂಗತಿಯೊಂದಿದೆ. ಜಪಾನಿನ ಗುಣಮಟ್ಟದ ಹಿಂದೆ ಒಬ್ಬ ಅಮೆರಿಕನ್ ಗುರುವಿದ್ದರು. ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಿಂದ ಜಪಾನಿನ ಉದ್ಯಮಿಗಳಿಗೆ ಗುಣಮಟ್ಟ ನಿಯಂತ್ರಣದ ಪಾಠ ಹೇಳಿದರು. ಫೋರ್ಡ್ ಅವರನ್ನು ಕರೆಸಿಕೊಂಡದ್ದು ಎಂಬತ್ತರ ದಶಕದ ಆರಂಭದಲ್ಲಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ್ದ, ಗೈರುಹಾಜರಿಗೂ ಜಗಳಗಳಿಗೂ ಕುಖ್ಯಾತವಾಗಿದ್ದ ಕಾರ್ಖಾನೆಯನ್ನು 1984ರಲ್ಲಿ ಟೊಯೋಟಾ ಜೊತೆಗೂಡಿ ಮತ್ತೆ ತೆರೆಯಲಾಯಿತು. ಕೆಲಸಗಾರರು ಬಹುಪಾಲು ಅವರೇ. ಬದಲಾದದ್ದು ಕೆಲಸದ ಪದ್ಧತಿ. ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದಿತ್ತು. ಅದೇ ಕೈಗಳಿಂದ ಬೇರೆಯೇ ಗುಣಮಟ್ಟದ ಕಾರುಗಳು ಹೊರಬಂದವು. ದೋಷವಿದ್ದದ್ದು ದೇಶದಲ್ಲೋ ಜನಾಂಗದಲ್ಲೋ ಅಲ್ಲ, ವ್ಯವಸ್ಥೆಯಲ್ಲಿ. ಆ ಕಟ್ಟಡ ಈಗ ಟೆಸ್ಲಾದ ಕಾರ್ಖಾನೆ.

ಗಾಜಿಗೆ ಅಂಟಿಸಿದ ಚೀಟಿ ಓದಿ

‘ಸ್ವದೇಶಿ’ ಎಂದರೆ ಏನು ಎಂಬ ಪ್ರಶ್ನೆ ಈಗ ಮೊದಲಿಗಿಂತ ಜಟಿಲವಾಗಿದೆ. ಹೋಂಡಾ 1982ರಲ್ಲೇ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಅಕಾರ್ಡ್ ತಯಾರಿಸತೊಡಗಿತು. ನಿಸ್ಸಾನ್ 1983ರಲ್ಲಿ ಟೆನೆಸಿಗೆ, ಟೊಯೋಟಾ 1988ರಲ್ಲಿ ಕೆಂಟಕಿಯ ಜಾರ್ಜ್‌ಟೌನ್‌ಗೆ, ಬಿಎಂಡಬ್ಲ್ಯು 1994ರಲ್ಲಿ ಸೌತ್ ಕೆರೊಲಿನಾಗೆ, ಹ್ಯುಂಡೈ 2005ರಲ್ಲಿ ಅಲಬಾಮಾಗೆ ಬಂದವು. ಜಾರ್ಜ್‌ಟೌನ್‌ನ ಕ್ಯಾಮ್ರಿ ಕೆಂಟಕಿಯ ಕಾರ್ಮಿಕರ ಕೈಯಲ್ಲಿ ತಯಾರಾಗುತ್ತದೆ. ಇತ್ತ ಜನರಲ್ ಮೋಟರ್ಸ್‌ನ ಬ್ಯುಯಿಕ್ ಎನ್‌ವಿಷನ್ ಚೀನಾದಿಂದ ಹಡಗಿನಲ್ಲಿ ಬಂತು. ಫೋರ್ಡ್ 2018ರ ಮಾದರಿಯಾಗಿ ಅಮೆರಿಕದಲ್ಲಿ ಮಾರತೊಡಗಿದ ಇಕೋಸ್ಪೋರ್ಟ್ ತಯಾರಾಗುತ್ತಿದ್ದದ್ದು ನಮ್ಮ ಚೆನ್ನೈ ಬಳಿ! ಕ್ರೈಸ್ಲರ್ 2021ರಿಂದ ಸ್ಟೆಲಾಂಟಿಸ್ ಎಂಬ ಸಮೂಹದ ಭಾಗ. ಅದರ ಕೇಂದ್ರ ಕಚೇರಿ ನೆದರ್‌ಲೆಂಡ್ಸ್‌ನಲ್ಲಿದೆ. ನಮ್ಮವರಿಗೆ ಅರ್ಥವಾಗುವಂತೆ ಕೇಳುವುದಾದರೆ, ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಜಪಾನಿನದೇ, ಕರ್ನಾಟಕದ್ದೇ?

ಅಮೆರಿಕದಲ್ಲಿ ಇದಕ್ಕೆ ಊಹೆ ಬೇಕಿಲ್ಲ. 1992ರ ಕಾನೂನಿನಂತೆ, ಪ್ರತಿ ಹೊಸ ಕಾರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಆ ಮಾದರಿಯ ಬಿಡಿಭಾಗಗಳಲ್ಲಿ ಅಮೆರಿಕ ಮತ್ತು ಕೆನಡಾದವು ಶೇಕಡಾ ಎಷ್ಟು, ಜೋಡಣೆಯಾದದ್ದು ಎಲ್ಲಿ, ಎಂಜಿನ್ ಯಾವ ದೇಶದ್ದು, ಗಿಯರ್‌ಬಾಕ್ಸ್ ಯಾವ ದೇಶದ್ದು ಎಂದು ನಮೂದಿಸಿರಬೇಕು. ಹಳೆಯ ಕಾರಾದರೆ 17 ಅಕ್ಷರ-ಅಂಕಿಗಳ ಗುರುತುಸಂಖ್ಯೆ ನೋಡಿ. ಮೊದಲ ಅಂಕಿ 1, 4 ಅಥವಾ 5 ಆಗಿದ್ದರೆ ತಯಾರಾದದ್ದು ಅಮೆರಿಕದಲ್ಲಿ. 2 ಕೆನಡಾ, 3 ಮೆಕ್ಸಿಕೊ, ‘ಜೆ’ ಜಪಾನ್, ‘ಕೆ’ ಕೊರಿಯಾ, ‘ಡಬ್ಲ್ಯು’ ಜರ್ಮನಿ. ಚೆನ್ನೈಯಿಂದ ಬಂದ ಇಕೋಸ್ಪೋರ್ಟಿನ ಸಂಖ್ಯೆ ‘ಎಂ’ ಅಕ್ಷರದಿಂದ ಆರಂಭವಾಗುತ್ತದೆ.

ಈ ಚೀಟಿ ಈಗ ಬೆಲೆಯನ್ನೂ ನಿರ್ಧರಿಸುತ್ತದೆ. ಆಮದಾಗುವ ಲಘು ಟ್ರಕ್ಕುಗಳ ಮೇಲೆ ಅಮೆರಿಕ 1964ರಿಂದಲೂ ಶೇ 25 ಸುಂಕ ವಿಧಿಸುತ್ತ ಬಂದಿದೆ. ಯುರೋಪು ಅಮೆರಿಕದ ಕೋಳಿಮಾಂಸಕ್ಕೆ ಹಾಕಿದ ಸುಂಕಕ್ಕೆ ಪ್ರತೀಕಾರವಾಗಿ ಬಂದ ಇದಕ್ಕೆ ಜನರಿಟ್ಟ ಹೆಸರು ‘ಕೋಳಿ ತೆರಿಗೆ’. ಪಿಕಪ್ ಟ್ರಕ್ಕುಗಳಲ್ಲಿ ಡೆಟ್ರಾಯಿಟ್ ಇಂದಿಗೂ ದೊರೆಯಾಗಿರುವುದಕ್ಕೆ ಈ ಗೋಡೆಯೂ ಒಂದು ಕಾರಣ. 2025ರ ಏಪ್ರಿಲ್‌ನಲ್ಲಿ ಆಮದು ಕಾರುಗಳ ಮೇಲೂ ಶೇ 25ರ ಹೆಚ್ಚುವರಿ ಸುಂಕ ಬಂದು, ಬಳಿಕ ಕೆಲವು ದೇಶಗಳಿಗೆ ಒಪ್ಪಂದದ ಮೂಲಕ ಇಳಿಯಿತು. ಈ ಸುಂಕ ನೋಡುವುದು ಕಾರು ತಯಾರಾದ ಸ್ಥಳವನ್ನು, ಬಾನೆಟ್ ಮೇಲಿನ ಲಾಂಛನವನ್ನಲ್ಲ.

ಮೇಲೆ ಹೇಳಿದ ಅಚ್ಚಿನ ಕುಶಲಕರ್ಮಿಯ ಮನೆಯಲ್ಲೂ ಈ ಗೊಂದಲ ಹೊಕ್ಕಿತು. ಮೊಮ್ಮಗನಿಗೆ ಒಹಾಯೊದ ಹೋಂಡಾ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ರಜೆಗೆ ಅವನು ಹೋಂಡಾ ಓಡಿಸಿಕೊಂಡು ಬಂದಾಗ ಅಜ್ಜ ಮನೆಯ ಅಂಗಳಕ್ಕೆ ಬಿಡದೆ ಬೀದಿಯಲ್ಲಿ ನಿಲ್ಲಿಸೆಂದರಂತೆ. ರಾತ್ರಿ ಹಿಮ ಬಿತ್ತು. ಹಿಮ ತೆಗೆಯುವ ಲಾರಿ ಬರುವುದರಿಂದ ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲವೆಂದು ಊರಾಡಳಿತ ಸಾರಿತು. “ಒಳಗೆ ತಂದಿಡು ಎಂದೆ. ಹುಡುಗ ಮಾಡಿದ ಕಾರಲ್ಲವೇ?” ಎಂದು ಹೇಳಿ ಅವರು ರಕ್ತದೊತ್ತಡ ನೋಡಿಸಿಕೊಳ್ಳಲು ತೋಳು ಚಾಚಿದರು.

ಷೋರೂಮಿನ ಹಿಂಬಾಗಿಲು

ಕಾರು ಕೊಂಡ ಮರುದಿನದಿಂದ ನಮ್ಮ ಸಂಬಂಧ ಕಂಪನಿಯೊಂದಿಗಲ್ಲ, ಡೀಲರ್‌ನೊಂದಿಗೆ. ಇದನ್ನು ಹೊಸಬರು ಅರ್ಥಮಾಡಿಕೊಳ್ಳುವುದು ಅಗತ್ಯ. ಅಮೆರಿಕದ ಬಹುತೇಕ ಡೀಲರ್‌ಗಳು ಸ್ವತಂತ್ರ ವ್ಯಾಪಾರಿಗಳು. ಫಲಕ ಕಂಪನಿಯದು, ಅಂಗಡಿ ಮಾಲೀಕನದು. ತಯಾರಕರೇ ನೇರವಾಗಿ ಗ್ರಾಹಕರಿಗೆ ಮಾರುವುದನ್ನು ಅನೇಕ ರಾಜ್ಯಗಳ ಕಾನೂನುಗಳು ತಡೆಯುತ್ತವೆ. ಮಿಷಿಗನ್ 2014ರಲ್ಲಿ ಇಂಥ ಕಾನೂನನ್ನು ಇನ್ನಷ್ಟು ಬಿಗಿಗೊಳಿಸಿದ್ದರಿಂದ ಟೆಸ್ಲಾ ನ್ಯಾಯಾಲಯಕ್ಕೆ ಹೋಗಬೇಕಾಯಿತು. 2020ರಲ್ಲಿ ಒಂದು ರಾಜಿಯಾಯಿತು. 2009ರಲ್ಲಿ ದಿವಾಳಿಯಾದ ಕ್ರೈಸ್ಲರ್ 789 ಡೀಲರ್‌ಗಳ ಒಪ್ಪಂದ ರದ್ದುಪಡಿಸಿದಾಗ, ಎಷ್ಟೋ ಸಣ್ಣ ಊರುಗಳವರು ಕಾರು ದುರಸ್ತಿಗೆ ದೂರದ ಊರಿಗೆ ಹೋಗಬೇಕಾಯಿತು. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿದಾಗ, 2021ರಲ್ಲಿ ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ನಮ್ಮ ಬಂಧುಗಳು ಅನುಭವಿಸಿದ ‘ಇನ್ನು ಬಿಡಿಭಾಗ ಎಲ್ಲಿಂದ ತರುವುದು?’ ಎಂಬ ಆತಂಕವೂ ಇದೇ ಜಾತಿಯದು.

ಹೊಸ ಕಾರಿನ ಮಾರಾಟದಲ್ಲಿ ಲಾಭದ ಅಂಚು ತೆಳು. ಡೀಲರ್‌ನ ಲಾಭದ ದೊಡ್ಡ ಪಾಲು ಬರುವುದು ಹಿಂಬದಿಯ ದುರಸ್ತಿ ಕೊಠಡಿ ಮತ್ತು ಬಿಡಿಭಾಗಗಳಿಂದ. ಅಲ್ಲಿ ನಮ್ಮನ್ನು ಎದುರುಗೊಳ್ಳುವ ಸರ್ವಿಸ್ ಅಡ್ವೈಸರ್‌ಗೆ ಹಲವೆಡೆ ಮಾರಿದ ಕೆಲಸದ ಮೇಲೆ ಕಮಿಷನ್ ಉಂಟು. ಮೆಕ್ಯಾನಿಕ್‌ಗೆ ಹೆಚ್ಚಾಗಿ ಗಂಟೆಯ ಸಂಬಳವಲ್ಲ. ‘ಫ್ಲಾಟ್ ರೇಟ್’ ಎಂಬ ಪದ್ಧತಿ. ಪುಸ್ತಕದಲ್ಲಿ ಒಂದು ಕೆಲಸಕ್ಕೆ ಮೂರು ಗಂಟೆ ಎಂದಿದ್ದರೆ, ಎರಡು ಗಂಟೆಯಲ್ಲಿ ಮುಗಿಸಿದವನಿಗೂ ಮೂರು ಗಂಟೆಯ ಹಣ, ಐದು ಗಂಟೆ ಹೆಣಗಿದವನಿಗೂ ಮೂರು ಗಂಟೆಯದೇ. ವಾರಂಟಿ ಕೆಲಸಕ್ಕೆ ಕಂಪನಿ ಒಪ್ಪುವ ಗಂಟೆಗಳು ಸಾಮಾನ್ಯವಾಗಿ ಇನ್ನೂ ಕಡಿಮೆ. ಪರಿಣಾಮವಾಗಿ, ಭಾಗ ಬದಲಿಸುವ ಕೆಲಸಕ್ಕೆ ಪ್ರತಿಫಲವಿದೆ, ಯೋಚಿಸಿ ದೋಷ ಪತ್ತೆಹಚ್ಚುವ ಕೆಲಸಕ್ಕೆ ಅಷ್ಟಿಲ್ಲ.

ಇದನ್ನು ಕೇಳಿದಾಗ ನನಗೆ ಪರಿಚಿತ ರಾಗವೇ ಕಿವಿಗೆ ಬಿದ್ದಂತಾಯಿತು. ಅಮೆರಿಕದ ವೈದ್ಯಕೀಯದಲ್ಲೂ 1992ರಿಂದ ಸರ್ಕಾರದ ಮೆಡಿಕೇರ್ ವಿಮೆ ಪ್ರತಿಯೊಂದು ಸೇವೆಗೂ ಒಂದು ಅಂಕ ನಿಗದಿಪಡಿಸಿ ಅದರಂತೆ ಹಣ ಕೊಡುತ್ತದೆ. ನಳಿಕೆ ಹಾಕುವುದಕ್ಕೆ ಸಿಗುವ ಅಂಕ, ಕುಳಿತು ರೋಗಿಯ ಕಥೆ ಕೇಳುವುದಕ್ಕೆ ಸಿಗದು. ಒಳ್ಳೆಯ ವೈದ್ಯರೂ ಒಳ್ಳೆಯ ಮೆಕ್ಯಾನಿಕ್‌ಗಳೂ ಈ ವ್ಯವಸ್ಥೆಯ ನಡುವೆಯೇ ಒಳ್ಳೆಯವರಾಗಿ ಉಳಿದಿರುತ್ತಾರೆ. ಅವರನ್ನು ಹುಡುಕಿಕೊಳ್ಳುವುದು ನಮ್ಮ ಕೆಲಸ.

ನನ್ನ ಕಾರಿನದೇ ಒಂದು ಉದಾಹರಣೆ. ಎರಡನೆಯ ಚಳಿಗಾಲ ಕಳೆದ ಮೇಲೆ, ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿದ ಬಳಿಕ ಮಾತ್ರ ಸ್ಟಿಯರಿಂಗ್ ನಡುಗತೊಡಗಿತು. ಈ ವಿವರವನ್ನೆಲ್ಲ ನಾನು ಹೇಳಿದರೂ ಅಡ್ವೈಸರ್ ಮಹಾಶಯರು ಕಾಗದದಲ್ಲಿ ಬರೆದುಕೊಂಡದ್ದು ಒಂದೇ ಪದ: ‘ನಡುಕ’. ಮೆಕ್ಯಾನಿಕ್ ಅಂಗಳದಲ್ಲಿ ಒಂದು ಸುತ್ತು ಹಾಕಿ ‘ದೋಷ ಕಂಡುಬರಲಿಲ್ಲ’ ಎಂದು ಬರೆದ. ಎರಡನೆಯ ಬಾರಿ ಚಕ್ರಗಳ ಸಮತೋಲನ ಮಾಡಿ ಹಣ ಪಡೆದರು. ಮೂರನೆಯ ಬಾರಿ ವೇಗ, ಸಮಯ, ಹೊರಗಿನ ಉಷ್ಣಾಂಶವನ್ನೆಲ್ಲ ಬರೆದ ಹಾಳೆಯೊಂದನ್ನು ಕೊಟ್ಟು, ಅದನ್ನು ಕೆಲಸದ ಕಾಗದಕ್ಕೆ ಲಗತ್ತಿಸಬೇಕೆಂದೂ ಮೆಕ್ಯಾನಿಕ್ ನನ್ನೊಡನೆ ಹೆದ್ದಾರಿಗೆ ಬರಬೇಕೆಂದೂ ಕೋರಿದೆ. ಬಂದವರು ಹಿರಿಯ ಮೆಕ್ಯಾನಿಕ್. ಇಪ್ಪತ್ತು ನಿಮಿಷದ ನಂತರ ಕಾರು ನಿಲ್ಲಿಸಿಸಿ, ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿದರು. ಒಂದು ಚಕ್ರ ಮಾತ್ರ ಕಾದಿತ್ತು. ಉಪ್ಪಿನ ತುಕ್ಕಿಗೆ ಬ್ರೇಕಿನ ಪಿನ್ನು ಸಿಕ್ಕಿಕೊಂಡು, ಬ್ರೇಕು ಬಿಡದೆ ಉಜ್ಜುತ್ತಿತ್ತು. ಜ್ವರ ನೋಡುವ ಹಾಗೆ ಅಂಗೈ ಇಟ್ಟು ರೋಗ ಪತ್ತೆಮಾಡಿದ ಆ ಮನುಷ್ಯನನ್ನು ನಾನು ನಮ್ಮ ವೃತ್ತಿಬಂಧುವೆಂದೇ ಪರಿಗಣಿಸುತ್ತೇನೆ. ಆತ ಈಗ ಸ್ವಂತ ಗ್ಯಾರೇಜು ನಡೆಸುತ್ತಾರೆ. ನಮ್ಮ ಪರಿಚಿತರ ಫೋರ್ಡ್, ಹೋಂಡಾ, ಹ್ಯುಂಡೈಗಳೆಲ್ಲ ಅಲ್ಲಿಗೇ ಹೋಗುತ್ತವೆ.

ನಿಂಬೆಹಣ್ಣಿನ ಕಾನೂನು

ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡುವುದು ನಮ್ಮ ಪದ್ಧತಿ. ಅಮೆರಿಕದಲ್ಲಿ ‘ನಿಂಬೆ’ ಎಂದರೆ ಎಷ್ಟು ಬಾರಿ ದುರಸ್ತಿ ಮಾಡಿಸಿದರೂ ಸರಿಹೋಗದ ಹೊಸ ಕಾರು! ಇಂಥ ಕಾರು ಕೊಂಡವರ ರಕ್ಷಣೆಗೆ ‘ನಿಂಬೆ ಕಾನೂನು’ ಮೊದಲು ಬಂದದ್ದು ಕನೆಕ್ಟಿಕಟ್ ರಾಜ್ಯದಲ್ಲಿ, 1982ರಲ್ಲಿ. ಈಗ ಎಲ್ಲ ರಾಜ್ಯಗಳಲ್ಲೂ ಉಂಟು. ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಷಿಗನ್‌ನಲ್ಲಿ ಒಂದೇ ದೋಷವನ್ನು ನಾಲ್ಕು ಬಾರಿ ಸರಿಪಡಿಸಲು ಯತ್ನಿಸಿದರೂ ಹೋಗದಿದ್ದರೆ, ಅಥವಾ ಮೊದಲ ವರ್ಷದಲ್ಲಿ ಕಾರು 30 ದಿನ ದುರಸ್ತಿಯಲ್ಲೇ ಕಳೆದರೆ, ಮಾಲೀಕ ಪರಿಹಾರ ಕೇಳಬಹುದು. ಕೇಳಲು ದಾಖಲೆ ಬೇಕು. ಆದ್ದರಿಂದ ಪ್ರತಿ ಭೇಟಿಯ ಕಾಗದವನ್ನೂ ಜೋಪಾನವಾಗಿಡಿ.

ಎರಡನೆಯದು ವಾರಂಟಿ. ‘ನಮ್ಮಲ್ಲೇ ಎಣ್ಣೆ ಬದಲಿಸದಿದ್ದರೆ ವಾರಂಟಿ ಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1975ರ ಮ್ಯಾಗ್ನುಸನ್-ಮಾಸ್ ಕಾನೂನು ಅಂಥ ಷರತ್ತನ್ನು ನಿಷೇಧಿಸಿದೆ. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಬಹುದು, ರಸೀದಿ ಇಟ್ಟುಕೊಳ್ಳಬೇಕು. ಎಷ್ಟು ಮೈಲಿಗೊಮ್ಮೆ ಏನು ಮಾಡಿಸಬೇಕೆಂಬುದಕ್ಕೆ ಕಾರಿನೊಡನೆ ಬರುವ ಕೈಪಿಡಿಯೇ ಪ್ರಮಾಣ. ಅಡ್ವೈಸರ್ ಅಂಟಿಸುವ ಚೀಟಿಯಲ್ಲ. ಕೈಪಿಡಿಯಲ್ಲಿ ಇಲ್ಲದ ‘ಫ್ಲಶ್’ ಸೇವೆಗಳ ಪಟ್ಟಿಯನ್ನು ಮುಂದಿಟ್ಟರೆ, ‘ಇದು ಯಾವ ಪುಟದಲ್ಲಿದೆ?’ ಎಂದು ಕೇಳುವುದು ಅವಿನಯವಲ್ಲ.

ಮೂರನೆಯದು ರೀಕಾಲ್. ಸುರಕ್ಷತೆಗೆ ಸಂಬಂಧಿಸಿದ ದೋಷಕ್ಕೆ ಕಂಪನಿ ಕಾರನ್ನು ಹಿಂದೆ ಕರೆದರೆ ಡೀಲರ್ ಉಚಿತವಾಗಿ ಸರಿಪಡಿಸಬೇಕು; ನೀವು ಎರಡನೆಯ ಅಥವಾ ಮೂರನೆಯ ಮಾಲೀಕರಾದರೂ ಸರಿ. ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಜಾಲತಾಣದಲ್ಲಿ ಕಾರಿನ ಗುರುತುಸಂಖ್ಯೆ ಹಾಕಿದರೆ ಬಾಕಿಯಿರುವ ರೀಕಾಲ್‌ಗಳು ಕಾಣುತ್ತವೆ. ಇಲ್ಲಿ ಸ್ವದೇಶಿ-ವಿದೇಶಿ ಭೇದವೇ ಇಲ್ಲ. ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ ದೋಷಕ್ಕೆ 124 ಜನ ಬಲಿಯಾದರೆಂದು ಕಂಪನಿಯ ಪರಿಹಾರ ನಿಧಿಯೇ ಒಪ್ಪಿತು. ಜಪಾನಿನ ತಕಾಟಾ ಏರ್‌ಬ್ಯಾಗ್‌ಗಳು ಶಾಖ ಮತ್ತು ತೇವಕ್ಕೆ ಕೆಟ್ಟು, ಉಬ್ಬುವಾಗ ಲೋಹದ ಚೂರು ಚಿಮ್ಮಿ ಅಮೆರಿಕದಲ್ಲಿ 20ಕ್ಕೂ ಹೆಚ್ಚು ಜನರನ್ನು ಕೊಂದವು, ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳನ್ನು ಹಿಂದೆ ಕರೆಯಬೇಕಾಯಿತು. 2014ರಲ್ಲಿ ಟೊಯೋಟಾ, ವೇಗ ತಾನಾಗಿ ಏರುವ ದೋಷದ ಬಗ್ಗೆ ಗ್ರಾಹಕರನ್ನು ದಾರಿತಪ್ಪಿಸಿದ್ದಕ್ಕಾಗಿ 120 ಕೋಟಿ ಡಾಲರ್ ತೆತ್ತಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಡೀಸೆಲ್ ಹೊಗೆಯ ಪರೀಕ್ಷೆಯಲ್ಲಿ ಮಾಡಿದ ವಂಚನೆ 2015ರಲ್ಲಿ ಬಯಲಾಯಿತು.

ಬರುವವರಿಗೂ ಕಳಿಸುವವರಿಗೂ

ಅಮೆರಿಕಕ್ಕೆ ಓದಲು ಅಥವಾ ಉದ್ಯೋಗಕ್ಕೆ ಬರುತ್ತಿರುವ ಯುವಕ ಯುವತಿಯರಿಗೆ ನನ್ನ ಕಿವಿಮಾತು ಇಷ್ಟೇ. ಹಳೆಯ ಕಾರು ಕೊಳ್ಳುವ ಮುನ್ನ, ಮಾರುವವನಿಗೆ ಸಂಬಂಧಪಡದ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ. ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಬನ್ನಿ. ಹಿಮ ಬೀಳುವ ರಾಜ್ಯವಾದರೆ ಕಾರಿನ ಹೊಟ್ಟೆಯ ಭಾಗದ ತುಕ್ಕನ್ನು ಮೊದಲು ನೋಡಿಸಿ. ಮೂರು ದಿನದೊಳಗೆ ಕಾರು ಹಿಂದಿರುಗಿಸಬಹುದೆಂಬುದು ಇಲ್ಲಿ ಹರಡಿರುವ ತಪ್ಪು ನಂಬಿಕೆ. ಆ ಕೇಂದ್ರ ನಿಯಮ ಷೋರೂಮಿನ ಖರೀದಿಗೆ ಅನ್ವಯಿಸುವುದಿಲ್ಲ. ಸಹಿ ಹಾಕುವಾಗ ಹಣಕಾಸು ಕೊಠಡಿಯಲ್ಲಿ ಮುಂದಿಡುವ ‘ವಿಸ್ತೃತ ವಾರಂಟಿ’ ಕಡ್ಡಾಯವಲ್ಲ. ಡೆಟ್ರಾಯಿಟ್ ಕಡೆಗೇ ಬರುವುದಾದರೆ, ಸ್ವಂತ ನೌಕರರಿಗೂ ಅವರ ಬಂಧುಮಿತ್ರರಿಗೂ ಕಾರು ಕಂಪನಿಗಳು ಕೊಡುವ ರಿಯಾಯಿತಿ ಕೂಪನ್ ಕನ್ನಡ ಕೂಟದ ಯಾರ ಬಳಿಯಾದರೂ ಸಿಕ್ಕೀತು, ಕೇಳಿ ನೋಡಿ.

ಕಂಪನಿಯ ಆಯ್ಕೆ ನಿಮ್ಮ ಜೇಬು, ಅಗತ್ಯ, ಅಭಿರುಚಿಗಳಿಗೆ ಬಿಟ್ಟದ್ದು. ನಿಮ್ಮ ನೆರೆಯವರ ಅನ್ನ ಯಾವ ಕಾರ್ಖಾನೆಯಿಂದ ಬರುತ್ತದೆಂಬುದನ್ನು ಪರಿಗಣಿಸಿದರೆ ಅದು ಭಾವುಕತೆಯಲ್ಲ. ಪರಿಗಣಿಸದಿದ್ದರೆ ದ್ರೋಹವೂ ಅಲ್ಲ. ಆದರೆ ಕೊಳ್ಳುವ ಮೊದಲೇ ಮನೆಗೆ ಹತ್ತಿರದ ದುರಸ್ತಿ ಕೊಠಡಿಗೆ ಒಂದು ಬೆಳಿಗ್ಗೆ ಹೋಗಿ, ಕಾಯುವ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು ಬನ್ನಿ. ಅಡ್ವೈಸರ್ ಗ್ರಾಹಕರ ಮಾತು ಕೇಳುತ್ತಾನೋ, ಪಟ್ಟಿ ಓದುತ್ತಾನೋ ತಿಳಿಯುತ್ತದೆ. ಊರಿನಲ್ಲಿರುವ ತಂದೆತಾಯಿಗಳೂ, ಮಗ ಅಥವಾ ಮಗಳು ಕಾರು ಕೊಂಡ ಸುದ್ದಿ ಹೇಳಿದಾಗ ‘ಯಾವ ಕಂಪನಿ? ಎಷ್ಟಾಯಿತು?’ ಎಂಬ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳಲಿ: ‘ಕೆಟ್ಟರೆ ಯಾರ ಹತ್ತಿರ ಹೋಗ್ತೀಯಪ್ಪಾ?’